ಮಡಿ ಕುಸ್ತಿ

ನಿನ್ನೆ ಮುಂಜಾನೆ ಪೇಪರಿನ ಮಡಿಕೆಯಿಂದ ಒಂದು ಗುಲಾಬಿ ಬಣ್ಣದ ಚೀಟಿ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಒಂದು ಕಾಲನ್ನು ಕಿವಿಯ ಮಟ್ಟಕ್ಕೆ ಎತ್ತಿ ನಿಂತ ಚಿತ್ರ. ಕೆಳಗೆ, ಮೂರೇ ತಿಂಗಳಲ್ಲಿ ಕರಾಟೆ, ಬೆಲ್ಟು ಖಾತ್ರಿ, ಎಂದು ಅಚ್ಚು ಮಾಡಿದ್ದರು. ನನ್ನ ಮೊಮ್ಮಗಳು ಚೀಟಿಯನ್ನು ಕಸಿದುಕೊಂಡು ಓದಿ, "ಅಜ್ಜಾ, ಇದಕ್ಕ ಸೇರಲೇನು? ಸ್ಟೇಷನ್ ಕಡೆ ಇನ್ನೊಂದು ಕ್ಲಾಸ್ ಅದ. ಯಾವುದು ಚಲೋ?" ಎಂದಳು.

ಈ ಮನೆಯಲ್ಲಿ ಯಾವ ಬೇಳೆ ಬೇಗ ಬೇಯುತ್ತದೆ ಎಂದು ಸಹ ಯಾರೂ ನನ್ನನ್ನು ಕೇಳುವುದಿಲ್ಲ. ಜೀವಮಾನವೆಲ್ಲ ಲೆಕ್ಕ ಕಲಿಸಿದ ಮಾಸ್ತರನಿಗೆ ಲೆಕ್ಕವೊಂದನ್ನು ಬಿಟ್ಟು ಬೇರೆ ಏನೂ ತಿಳಿಯದು ಎಂದು ಎಲ್ಲರೂ ತೀರ್ಮಾನಿಸಿ ಬಹಳ ದಿನವಾಯಿತು. ಆದರೆ ಚಲೋ ಗರಡಿ ಯಾವುದು, ಕೆಟ್ಟ ಗರಡಿ ಯಾವುದು ಎಂಬ ಒಂದು ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ. ನಗಬೇಡಿ. ಎರಡೂ ಬಗೆಯ ಗರಡಿಗಳ ಮಣ್ಣು ಮೆಟ್ಟಿ ಬಂದವನು ನಾನು. ಅಲ್ಲ, ಸುಳ್ಳು ಹೇಳಬಾರದು, ಒಂದರ ಮಣ್ಣನ್ನು ಮೆಟ್ಟಲು ಬಿಡಲೇ ಇಲ್ಲ.

"ಕೇಳು, ಕೇಳು," ಎಂದು ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು. "ನಿಮ್ಮಜ್ಜ ಮಡಿ ಕುಸ್ತಿಯೊಳಗ ಪಂಡಿತರಿದ್ದಾರ."

ಆಕೆ ಹೀಗೆ ಚುಚ್ಚುವುದಕ್ಕೆ ಕಾರಣವಿದೆ. ಹೇಳುತ್ತೇನೆ, ಆದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಆಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಮಾನ್ವಿಯವನಾದ ನಾನು ರಾಯಚೂರಿನ ಒಂದು ಶಾಲೆಯಲ್ಲಿ ಉರ್ದುವಿನಲ್ಲಿ ಹಿಸಾಬು, ಅಂದರೆ ಲೆಕ್ಕ, ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತಮೂರು. ಮೈಕಟ್ಟಿನ ಬಗ್ಗೆ ಏನು ಹೇಳಲಿ? ಗಾಳಿ ಜೋರಾಗಿ ಬೀಸಿದರೆ ನಮ್ಮವ್ವ ಒಣಹಾಕಿದ ಪಂಚೆಯನ್ನೂ ನನ್ನನ್ನೂ ಒಟ್ಟಿಗೆ ಒಳಗೆ ಕರೆದುಕೊಳ್ಳುತ್ತಿದ್ದಳು. ಫಾಲ್ಗುಣದಲ್ಲಿ ದೇವದುರ್ಗದ ಕನ್ಯೆಯೊಂದಿಗೆ ನನ್ನ ಮದುವೆಯಾಯಿತು. ಅವರದು ಪ್ರಾಣದೇವರ, ಅಂದರೆ ಹನುಮಪ್ಪನ, ಗುಡಿಯ ಪೂಜೆಯ ಮನೆತನ. ಜಾತಕ ಕೂಡಿತ್ತು, ಗೋತ್ರ ಬೇರೆ ಇತ್ತು, ಹುಡುಗಿ ಲಕ್ಷಣವಾಗಿದ್ದಳು. ಗುಂಡಿನ ವಿಷಯವನ್ನು ಮಾತ್ರ ಮದುವೆಯ ಊಟ ಮುಗಿಯುವ ತನಕ ಯಾರೂ ಬಾಯಿ ಬಿಡಲಿಲ್ಲ.

ಗುಂಡೆಂದರೆ, ಹನುಮಪ್ಪನ ಗುಡಿಯ ಅಂಗಳದಲ್ಲಿದ್ದ ಕರಿಯ ಕಲ್ಲು. ದೊಡ್ಡ ಬೂದುಗುಂಬಳದಷ್ಟು ಗಾತ್ರ, ಎಣ್ಣೆ ಹಚ್ಚಿದಂತೆ ನುಣುಪು. ಆ ಮನೆಯ ಅಳಿಯನಾದವನು ಅದನ್ನು ಎತ್ತಿ ಸೊಂಟದೆತ್ತರದ ಕಟ್ಟೆಯ ಮೇಲೆ ಇಡಬೇಕು. ಇಟ್ಟ ಮೇಲೆ ಹೆಂಡತಿಯನ್ನು ಕಳಿಸಿಕೊಡುತ್ತಾರೆ. ಅದಕ್ಕೆ ವರ್ಷದಲ್ಲಿ ಒಂದೇ ದಿನ, ಚೈತ್ರದ ಹನುಮಜಯಂತಿಯ ಬೆಳಗು. ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ, ಯಾರನ್ನೂ, ಒಣ ಬಟ್ಟೆಯನ್ನೂ ಮುಟ್ಟದೆ ನೇರ ಕಲ್ಲಿನ ಹತ್ತಿರ ಬರಬೇಕು. ಎತ್ತಲಾಗದವನು ಹೋಳಿಗೆ ಊಟ ಮಾಡಿ ಒಬ್ಬನೇ ಊರಿಗೆ ಹೋಗಬೇಕು, ಮುಂದಿನ ಚೈತ್ರದ ತನಕ ಕಾಯಬೇಕು. ನನಗಿಂತ ಮೊದಲಿನ ಅಳಿಯ ಮೂರನೆಯ ವರ್ಷ ಎತ್ತಿದನಂತೆ. ಅಷ್ಟರಲ್ಲಿ ಅವನ ತಲೆಯ ಕೂದಲು ಅರ್ಧ ಉದುರಿತ್ತು.

"ನಮ್ಮದೇನಿಲ್ಲ ನೋಡ್ರಿ," ಎಂದರು ನಮ್ಮ ಮಾವನವರು, ಬಹಳ ಮೃದುವಾಗಿ. "ಎಲ್ಲಾ ಪ್ರಾಣದೇವರ ಇಚ್ಛಾ. ನೀವು ಹಾಲು ತುಪ್ಪ ಮಾತ್ರ ಬಿಡಬ್ಯಾಡ್ರಿ."

ಹೊರಡುವಾಗ ಬಾಗಿಲ ಸಂದಿನಲ್ಲಿ ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಎತ್ತತೀರೇನು?" ಎತ್ತುತ್ತೇನೆ ಎಂದೆ. ಆ ವಯಸ್ಸಿನಲ್ಲಿ ಗುಡ್ಡವನ್ನು ಎತ್ತುತ್ತೀರೇನು ಎಂದು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಹನುಮಜಯಂತಿಗೆ ಇನ್ನೂ ಇಪ್ಪತ್ತೈದು ದಿನ ಇತ್ತು. ಗರಡಿ ಹುಡುಕಬೇಕಾಯಿತು. ನಮ್ಮವ್ವ ಅದಕ್ಕಾಗಿಯೇ ಮಾನ್ವಿಯಿಂದ ರಾಯಚೂರಿಗೆ ಬಂದು ನನ್ನ ಜೊತೆಗೇ ಉಳಿದಳು. ಕನ್ಯೆ ನೋಡಲು ಹೋಗುವಾಗ ಉಟ್ಟಿದ್ದ ಸೀರೆಯನ್ನೇ ಉಟ್ಟು ಟಾಂಗಾ ಹತ್ತಿದಳು. ಮೊದಲು ಹೋದದ್ದು ಆಮ್ ತಲಾಬ್ ಕೆರೆಯ ಕಡೆ ಇದ್ದ ಮೌಲಾಸಾಬ ಉಸ್ತಾದರ ಗರಡಿಗೆ. ಹೋದದ್ದು ಎಂದರೂ ತಪ್ಪೇ. ಬೀದಿಯ ತಿರುವಿನಲ್ಲೇ ಎಣ್ಣೆ, ಹುಳಿ ಮಜ್ಜಿಗೆ ಮತ್ತು ಬೆವರು ಕೂಡಿದ ವಾಸನೆ ನಮ್ಮನ್ನು ಎದುರುಗೊಂಡಿತು. ಒಳಗಿನಿಂದ ಯಾರೋ ಧೊಪ್ಪೆಂದು ಬಿದ್ದ ಸಪ್ಪಳ. ಅವ್ವ ಮೂಗಿಗೆ ಸೆರಗು ಹಿಡಿದು ಟಾಂಗಾ ತಿರುಗಿಸಲು ಹೇಳಿದಳು.

ಎರಡನೆಯದು ಕೋಟೆಯ ಗೋಡೆಯ ಮಗ್ಗುಲಲ್ಲಿದ್ದ ಭೀಮಾಚಾರ್ಯರ ಗರಡಿ. ಆಹಾ, ಅದೇನು ಸೊಗಸು. ಬಾಗಿಲಲ್ಲಿ ಸಾರಣೆ, ಸಾರಣೆಯ ಮೇಲೆ ರಂಗೋಲಿ, ಅಂಗಳದಲ್ಲಿ ತುಳಸಿ, ಸೇದುವ ಬಾವಿ. ಒಳಗೆ ಊದಿನಕಡ್ಡಿಯ ಪರಿಮಳ. ಗೋಡೆಗೆ ಆಳೆತ್ತರದ ಕನ್ನಡಿ, ಅದರ ಪಕ್ಕದಲ್ಲಿ ಗದೆ ಹಿಡಿದು ನಿಂತ ಆಚಾರ್ಯರದೇ ಫೋಟೋ. ಕುಸ್ತಿಯ ಕಣದ ಕೆಂಪು ಮಣ್ಣನ್ನು ಜರಡಿ ಹಿಡಿದು, ಬಾಚಿ, ಗೆರೆ ಎಳೆದಿದ್ದರು. ಅದರ ಮೇಲೆ ಒಂದು ಗುಬ್ಬಿಯ ಹೆಜ್ಜೆಯೂ ಇರಲಿಲ್ಲ. ಆಚಾರ್ಯರ ಎರಡೂ ಕಿವಿ ಸುರುಳಿ ಸುರುಳಿಯಾಗಿ, ಚಿನ್ನದ ಒಂಟಿ ಹೊಳೆಯುತ್ತ, ಚಿತ್ರದಲ್ಲಿ ಬರೆದಂತಿದ್ದವು. ಈ ಕಿವಿಗಳನ್ನು ನೆನಪಿಡಿ.

"ಇಲ್ಲೆ ಎಲಿ ಹಾಕಿ ಉಣ್ಣಬಹುದು ನೋಡು," ಎಂದು ಅವ್ವ ಮೆಚ್ಚಿಕೊಂಡಳು. ಗರಡಿಯ ಬಗ್ಗೆ ನಮ್ಮ ಕಡೆಯವರು ಯಾರೂ ಇದಕ್ಕಿಂತ ದೊಡ್ಡ ಪ್ರಶಂಸೆ ಮಾಡಲಾರರು. ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ ಆಚಾರ್ಯರು, "ಇಪ್ಪತ್ತೊಂದು ದಿವಸ ಸಾಕು. ಹುಡುಗ ಆಮೇಲೆ ಗುಂಡಲ್ಲ, ಗುಡೀನ ಎತ್ತತಾನ," ಎಂದರು.

ಮರುದಿನ ಬೆಳಗಿನ ಜಾವ ಸ್ನಾನ ಮಾಡಿ ಮಡಿಯುಟ್ಟು ಹೋದೆ. ಅಲ್ಲಿ ಇನ್ನೂ ನಾಲ್ಕು ಜನ ಶಿಷ್ಯರಿದ್ದರು, ಎಲ್ಲರೂ ಮಡಿಯಲ್ಲೇ. ತಾಲೀಮು ಮುಗಿಸಿ ನೇರ ಸಂಧ್ಯಾವಂದನೆಗೆ ಕೂಡಬೇಕಾದವರು. ಆದ್ದರಿಂದ ಒಬ್ಬರನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಮುಟ್ಟದೆ ಕುಸ್ತಿ ಹೇಗೆ ಎಂದು ನೀವು ಕೇಳುತ್ತೀರಿ. ನಾನು ಅಂದು ಕೇಳಲಿಲ್ಲ. ಎಲ್ಲರೂ ಗಂಭೀರವಾಗಿರುವ ಜಾಗದಲ್ಲಿ ಇಂಥ ಪ್ರಶ್ನೆಗೆ ಬಾಯಿ ಬರುವುದಿಲ್ಲ.

ಕಣದ ಹೊರಗೆ ಕಲ್ಲುಹಾಸಿನ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಿದ್ದೆವು. ತೊಡೆ ತಟ್ಟಿ, ಹೂಂಕರಿಸಿ, ಕೈ ಚಾಚಿ ನುಗ್ಗುತ್ತಿದ್ದೆವು. ನಾಲ್ಕು ಬೆರಳು ಉಳಿದಾಗ ಆಚಾರ್ಯರು "ಹಾಂ" ಎನ್ನುತ್ತಿದ್ದರು, ಅಲ್ಲೇ ನಿಲ್ಲಬೇಕು. "ಈಗ ಇವರು ನಿಮ್ಮ ಬಲಗಾಲು ಹಿಡದರು ಅಂತ ತಿಳಕೋರಿ. ನೀವು ಬಿದ್ದಿರಿ ಅಂತ ತಿಳಕೋರಿ." ಬಿದ್ದವನು ಹೋಗಿ ಮಣೆಯ ಮೇಲೆ ಮೆಲ್ಲಗೆ ಕೂಡುತ್ತಿದ್ದ. ಒಬ್ಬ ವಕೀಲರ ಗುಮಾಸ್ತ ಮಾತ್ರ ಎಂದೂ ಬೀಳಲು ಒಪ್ಪುತ್ತಿರಲಿಲ್ಲ. "ನನ್ನ ಕಾಲು ಅವರಿಗೆ ಸಿಕ್ಕೇ ಇಲ್ಲಲ್ರೀ, ಸಾಕ್ಷಿ ಏನದ?" ಎಂದು ವಾದಕ್ಕೆ ನಿಲ್ಲುತ್ತಿದ್ದ. ಆಚಾರ್ಯರು ಮಲ್ಲಶಾಸ್ತ್ರದ ಶ್ಲೋಕ ಹೇಳಿ ಅವನನ್ನು ಬೀಳಿಸುತ್ತಿದ್ದರು. ಭಾರ ಎತ್ತುವ ಅಭ್ಯಾಸವೂ ಹೀಗೆಯೇ. ಕಣ್ಣು ಮುಚ್ಚಿ ಎದುರಿಗೆ ಕಲ್ಲಿದೆ ಎಂದು ಭಾವಿಸಿ ಎತ್ತುವುದು. ದಿನದಿನಕ್ಕೆ ಆಚಾರ್ಯರು ಅದರ ಭಾರ ಹೆಚ್ಚಿಸುತ್ತಿದ್ದರು. ಹದಿನೆಂಟನೆಯ ದಿನದ ಕಲ್ಲಂತೂ ಎಷ್ಟು ಭಾರವಿತ್ತೆಂದರೆ ಇಳಿಸಿದ ಮೇಲೆ ನನ್ನ ಬೆನ್ನು ನಿಜವಾಗಿಯೂ ನೋಯುತ್ತಿತ್ತು.

ಇಪ್ಪತ್ತೊಂದನೆಯ ದಿನ ನಾನು ಆಚಾರ್ಯರನ್ನೇ ಗೆದ್ದೆ. ಅವರು ಅಂದು ಪ್ರಸನ್ನರಾಗಿದ್ದರು, ಸೋತೆ ಎಂದು ತಾವೇ ಹೇಳಿ ಮಣೆಯ ಮೇಲೆ ಕೂತರು. ಹೆಗಲಿಗೆ ಶಾಲು ಹೊದಿಸಿ ನನಗೆ 'ಬಾಲಭೀಮ' ಎಂದು ಬಿರುದು ಕೊಟ್ಟರು. ಆ ಶಾಲು ಹೊದ್ದುಕೊಂಡೇ, ಚೈತ್ರದ ಬಿಸಿಲಲ್ಲಿ, ನಾನು ದೇವದುರ್ಗದ ಬಸ್ಸು ಹತ್ತಿದೆ.

ಮುಂದಿನದು ನಿಮಗೆ ಹೊಳೆದಿರಬೇಕು. ಬಾವಿಯಲ್ಲಿ ಮಿಂದು, ನೀರು ಸುರಿಸುತ್ತ ಬಂದು, ಶ್ಲೋಕ ಹೇಳಿ ಗುಂಡನ್ನು ತಬ್ಬಿದೆ. ಗುಂಡಿಗೆ ಸಂಸ್ಕೃತ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಎರಡನೆಯ ಸಲ ತಬ್ಬಿದೆ. ಮೂರನೆಯ ಸಲ ಒದ್ದೆ ಕೈ ಜಾರಿ ಹಿಂದಕ್ಕೆ ಕುಳಿತುಬಿಟ್ಟೆ. ಈ ಸಲ ಮಣೆಯಿರಲಿಲ್ಲ. ಆ ಮನೆಯ ಅಜ್ಜಿ, ಮಾವನವರ ತಾಯಿ, "ಪಾಪ, ಊಟಕ್ಕರ ಎಬ್ಬಸ್ರಿ," ಎಂದಳು. ಹೋಳಿಗೆ ಬಡಿಸಿದರು. ನನ್ನ ಹೆಂಡತಿ ತಲೆ ತಗ್ಗಿಸಿಕೊಂಡು ಬಂದು ತುಪ್ಪ ಬಡಿಸಿದಳು, ಉಳಿದವರಿಗಿಂತ ಒಂದು ಸೌಟು ಹೆಚ್ಚು. ತಿರುಗಿ ಬರುವಾಗ ಇದ್ದಿಲ ಬಸ್ಸು ಏರಿನಲ್ಲಿ ನಿಂತಿತು. ಎಲ್ಲರೂ ಇಳಿದು ದೂಡಿದೆವು. ನಾನು ದೂಡಿದ ಕಡೆ ಬಸ್ಸೂ ಅಲುಗಲಿಲ್ಲ. ಅದರ ಹಿಂದೆ ನಿಂತು ಯಾರಿಗೂ ಕಾಣದಂತೆ ಅತ್ತೆ. ಹೊಗೆ ಕಣ್ಣಿಗೆ ಹೋಯಿತೆಂದು ಪಕ್ಕದವನಿಗೆ ಹೇಳಿದೆ.

ರಾಯಚೂರಿನಲ್ಲಿ ಇಳಿದವನೇ ಮನೆಗೂ ಹೋಗದೆ ಮೌಲಾಸಾಬ ಉಸ್ತಾದರ ಗರಡಿಗೆ ನಡೆದೆ. ವಾಸನೆ ಹಾಗೆಯೇ ಇತ್ತು. ಒಳಗೆ ಕತ್ತಲು, ಗೋಡೆಗೂಡಿನಲ್ಲಿ ಸಿಂಧೂರ ಮೆತ್ತಿದ ಹನುಮಪ್ಪ, ಅವನ ಮುಂದೆ ಎರಡು ಕಣಗಿಲೆ ಹೂ. ಆ ಹೂವನ್ನು ದಿನಾ ಇಡುತ್ತಿದ್ದವರು ಉಸ್ತಾದರೇ ಎಂದು ಆಮೇಲೆ ತಿಳಿಯಿತು. ಮುದುಕರು ಗೋಣಿಚೀಲದ ಮೇಲೆ ಕುಳಿತಿದ್ದರು. ಅವರ ಕಿವಿಗಳು ಹಿಂಡಿ ಬಿಸಾಡಿದ ನಿಂಬೆಹೋಳಿನಂತೆ ಮುದುಡಿಕೊಂಡಿದ್ದವು. ಯಾರ್ಯಾರದೋ ಹೆಗಲು, ಯಾರ್ಯಾರದೋ ಮೊಣಕೈ ನಲವತ್ತು ವರ್ಷ ಉಜ್ಜಿ ಆದ ಕಿವಿ ಅವು.

ಯಾತಕ್ಕೆ ಬಂದಿರಿ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ಗುಂಡು, ಹೆಂಡತಿ, ತುಪ್ಪ, ಏನನ್ನೂ ಬಿಡಲಿಲ್ಲ. ಅವರು ನಗಲಿಲ್ಲ. ನನ್ನ ಮುಂಗೈ ಹಿಡಿದು ಬದನೆಕಾಯಿ ನೋಡುವಂತೆ ತಿರುವಿ ತಿರುವಿ ನೋಡಿದರು.

"ಒಂದು ವರ್ಷ ಬೇಕಾಗ್ತದ, ಮಾಸ್ತರ್ರ. ಅದಕ್ಕಿಂತ ಮದಲ ಆಗಾಂಗಿಲ್ಲ. ಯಾರರ ತಿಂಗಳಿನ್ಯಾಗ ಮಾಡಸ್ತೀನಿ ಅಂದ್ರ ಅವನ ಕಿವಿ ನೋಡ್ರಿ." ಆಮೇಲೆ ಕೇಳಿದರು: "ಇಲ್ಲೆ ಎಲ್ಲಾರೂ ಎಲ್ಲಾರನ್ನೂ ಮುಟ್ಟತಾರ. ನಿಮ್ಮ ಮನ್ಯಾಗ ನಡೀತದೇನು?"

"ಮುಟ್ಟದ ಕುಸ್ತಿ ಕಲ್ತು ಬಂದೀನಿ, ಉಸ್ತಾದ್," ಎಂದೆ.

ಅದು ಹೇಗೆ, ತೋರಿಸ್ರಿ ಎಂದರು. ತೊಡೆ ತಟ್ಟಿ, ಹೂಂಕರಿಸಿ, ಒಬ್ಬ ಪೈಲ್ವಾನನ ಮೇಲೆ ನುಗ್ಗಿ ನಾಲ್ಕು ಬೆರಳು ದೂರದಲ್ಲಿ ನಿಂತು, "ಈಗ ನೀವು ಬಿದ್ದಿರಿ ಅಂತ ತಿಳಕೋರಿ," ಎಂದೆ. ಪೈಲ್ವಾನರೆಲ್ಲ ತಾಲೀಮು ಬಿಟ್ಟು ಬಂದು ಸುತ್ತ ನಿಂತರು. ಮತ್ತೊಮ್ಮೆ ತೋರಿಸಿದೆ. ನಕ್ಕು ನಕ್ಕು ಕೆಲವರು ಮಣ್ಣಿನಲ್ಲಿ ಉರುಳಿದರು. ಉಸ್ತಾದರು ಕಣ್ಣೊರೆಸಿಕೊಳ್ಳುತ್ತ, "ಸುಮ್ಮನ ಕೆಟ್ಟ ಹೆಸರು ಇಡಬ್ಯಾಡ್ರಿ ಆ ವಿದ್ಯಾಕ್ಕ. ಮುಟ್ಟದನ ನಾಕು ಮಂದೀನ ಕೆಡವ್ಯಾರ," ಎಂದರು.

ಮೊದಲ ಎಂಟು ದಿನ ನನ್ನ ಕೈಗೆ ಸಲಿಕೆ ಕೊಟ್ಟು ಕಣದ ಮಣ್ಣು ಅಗೆಸಿದರು. ಆಮೇಲೆ ಎರಡು ತಿಂಗಳು ಬೀಳುವುದನ್ನು ಕಲಿಸಿದರು. ಬೆನ್ನಿನ ಮೇಲೆ, ಮಗ್ಗುಲಿಗೆ, ಭುಜದ ಮೇಲೆ. ಗುಂಡು ಎತ್ತಿಸುವ ಮೊದಲು ಇಳಿಸುವುದನ್ನು ಕಲಿಸಿದರು. ಇಬ್ಬರು ಎತ್ತಿ ನನ್ನ ತೋಳಿಗೆ ಕೊಡುತ್ತಿದ್ದರು, ನಾನು ಸಪ್ಪಳವಾಗದಂತೆ ನೆಲಕ್ಕೆ ಇಡಬೇಕು. "ಎತ್ತೋದು ಸಿಟ್ಟು ಬಂದ್ರೂ ಎತ್ತಬಹುದು. ಇಳಸಾಕ ಬುದ್ಧಿ ಬೇಕು," ಎನ್ನುತ್ತಿದ್ದರು. ಹಿಡಿಯುವ ಮೊದಲು ಅಂಗೈಗೆ ಮಣ್ಣು ತಿಕ್ಕಿ ಸುಮ್ಮನೆ ನಿಲ್ಲಿಸುತ್ತಿದ್ದರು. ನಾನು ಅವಸರ ಮಾಡಿದರೆ ಅದೇ ಮಾತು: "ಕೈ ಒಣಗಲಿ, ಮಾಸ್ತರ್ರ. ಕಲ್ಲು ಎಲ್ಲಿಗೂ ಓಡಿ ಹೋಗಾಂಗಿಲ್ಲ."

ಅವ್ವನಿಗೆ ಹೇಳಿರಲಿಲ್ಲ. ವಾಸನೆ ಹೇಳಿತು. ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, ನಾನು ತೋಳು ಮಡಚಿದಾಗ ಅಲ್ಲಿ ಏನೋ ಒಂದು ಗಂಟು ಎದ್ದದ್ದನ್ನು ಕಂಡು, ಮಜ್ಜಿಗೆಯ ತಂಬಿಗೆಯನ್ನು ತಂದು ಮುಂದಿಟ್ಟಳು. "ಆ ಮಣ್ಣಿಗೆ ಮಜ್ಜಿಗಿ ಹಾಕತಾರಂತಲ್ಲ. ನಮ್ಮ ಮನೀದ ಹಾಕಲಿ," ಎಂದಳು. ದೇವದುರ್ಗದಿಂದ ಮಾವನವರ ಕಾರ್ಡು ತಿಂಗಳಿಗೊಂದು ಬರುತ್ತಿತ್ತು. ಅದರ ಅಂಚಿನಲ್ಲಿ, ಅವರಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, 'ಹಾಲು ಕುಡೀರಿ' ಎಂದಿರುತ್ತಿತ್ತು. ನಾನು ಕುಡಿಯುತ್ತಿದ್ದೆ.

ವರ್ಷ ಕಳೆಯುವಷ್ಟರಲ್ಲಿ ಪೈಲ್ವಾನನಾದೆನೆಂದು ತಿಳಿಯಬೇಡಿ. ತೊಗರಿ ಕಟ್ಟಿಗೆಯಂತೆ ಆಗಿದ್ದೆ, ತೆಳ್ಳಗೆ, ಆದರೆ ಲಟಕ್ಕನೆ ಮುರಿಯದ ಹಾಗೆ. ಹೊರಡುವ ದಿನ ಉಸ್ತಾದರು ಕಣದ ಮಣ್ಣನ್ನು ಒಂದು ಹಿಡಿ ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟು, ಕೈಗೆ ಹಚ್ಚಿಕೊಳ್ಳಲು ಹೇಳಿದರು.

ಹನುಮಜಯಂತಿಯ ಬೆಳಗು. ಮಣ್ಣಿನ ಗಂಟನ್ನು ಮೊದಲೇ ಕಟ್ಟೆಯ ಮೇಲೆ ಇಟ್ಟು ಬಾವಿಗೆ ಹೋದೆ. ಮಿಂದು ಬಂದೆ. ಈ ಸಲ ಆಗದಿದ್ದರೆ ಇನ್ನೊಂದು ವರ್ಷ ಎಂಬುದೊಂದೇ ತಲೆಯಲ್ಲಿತ್ತು. ಉಸ್ತಾದರ ಮಾತು, ಬುದ್ಧಿ, ಎಲ್ಲ ಮರೆತುಹೋಗಿತ್ತು. ಜುಟ್ಟಿನಿಂದ, ಮೊಣಕೈಯಿಂದ ನೀರು ಸುರಿಯುತ್ತಿದ್ದಂತೆಯೇ ಗಂಟಿಗೆ ಕೈ ಹಾಕಿದೆ. ಆಗ ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಹಿರಿಯರ ಎದುರಿಗೆ ಎಂದೂ ಬಾಯಿ ತೆರೆಯದ ನನ್ನ ಹೆಂಡತಿಯ ದನಿ.

"ಅಜ್ಜೀ, ಆ ಮಣ್ಣು ಮಡಿ ಏನು?"

ಅಜ್ಜಿ ಕೈ ಎತ್ತಿ ನನ್ನನ್ನು ತಡೆದಳು. ಮಾವನವರು ಯೋಚಿಸಿ, ಮಣ್ಣಿಗೆ ಮೈಲಿಗೆಯಿಲ್ಲ, ಅದರಿಂದಲೇ ಕೈ ಶುದ್ಧ ಮಾಡಿಕೊಳ್ಳುತ್ತೇವೆ ಎಂದರು. "ಬರೇ ಮಣ್ಣೇನು?" ಎಂದಳು ಅಜ್ಜಿ. ಹನುಮಪ್ಪನ ಎದುರಿಗೆ ಸುಳ್ಳು ಹೇಳಲಾಗದೆ, ಎಣ್ಣೆ, ಅರಿಶಿನ, ಮಜ್ಜಿಗೆ ಇದೆ ಎಂದೆ. ಮಜ್ಜಿಗೆ ಯಾರ ಮನೆಯದು? ನಮ್ಮ ತಾಯಿಯದು. ಅದು ಪಾಸಾಯಿತು. ಎಣ್ಣೆಗೆ ಮೈಲಿಗೆಯಿಲ್ಲ ಎಂದು ಸೋದರಮಾವ ಒಬ್ಬರು ಹೇಳಿದರು. "ಮತ್ತ ಬೆವರು?" ಎಂದಳು ಅಜ್ಜಿ.

"ಬೆವರು ಎಲ್ಲಾರದೂ ಅದ," ಎಂದೆ.

ಅಲ್ಲಿಂದ ಚರ್ಚೆ ಬಿಸಿಯೇರಿತು. ಒಣಗಿದ ಬೆವರು ಮಣ್ಣಾಗುತ್ತದೋ, ಇಲ್ಲ ಬೆವರಾಗಿಯೇ ಉಳಿಯುತ್ತದೋ? ಹನುಮಪ್ಪನ ಗೂಡಿನ ಎದುರಿನ ಮಣ್ಣು ಹನುಮಪ್ಪನದೋ, ಉಸ್ತಾದರದೋ? ಒಬ್ಬರು ಪಂಚಾಂಗ ತರಲು ಹೋದರು, ಪಂಚಾಂಗದಲ್ಲಿ ಬೆವರಿನ ವಿಷಯವಿಲ್ಲ ಎಂದು ಗೊತ್ತಿದ್ದೂ. ಬಿಸಿಲು ಗುಡಿಯ ಗೋಡೆ ದಾಟಿ ಅಂಗಳಕ್ಕೆ ಇಳಿಯಿತು. ನಾನು ಏನನ್ನೂ ಮುಟ್ಟದೆ ಎರಡೂ ಕೈ ಅಗಲಿಸಿ, ಹೊಲದ ಬೆದರುಬೊಂಬೆಯ ಹಾಗೆ ನಿಂತಿದ್ದೆ. ಹೆಂಡತಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವರ್ಷವೆಲ್ಲ ಹಾಲು ಕುಡೀರಿ ಎಂದು ಬರೆದು ಈಗ ಹೀಗೆ ಮಾಡಿದಳಲ್ಲ, ಇವಳಿಗೆ ನನಗಿಂತ ಮಡಿಯೇ ಹೆಚ್ಚಾಯಿತಲ್ಲ ಎಂದು ಎದೆ ಉರಿಯಿತು.

ಕೊನೆಗೆ ಮಾವನವರು, "ಸಂಶಯ ಬಂದ ಮ್ಯಾಲ ಬ್ಯಾಡ. ಹಂಗ ಎತ್ರಿ," ಎಂದು ತೀರ್ಪು ಕೊಟ್ಟರು.

ಮುಗಿಯಿತು ಎಂದುಕೊಂಡೆ. ಬಗ್ಗಿ ಗುಂಡಿಗೆ ಕೈ ಹಾಕಿದೆ. ಕೈ ಜಾರಲಿಲ್ಲ. ಮೊಣಕಾಲಿಗೆ ತಂದೆ, ತೊಡೆಗೆ, ಹೊಟ್ಟೆಗೆ ಒತ್ತಿ ಹಿಡಿದು ಒಂದು ಉಸಿರು ನಿಂತೆ. ಕಟ್ಟೆಯ ಮೇಲೆ ಇಟ್ಟೆ. ಮಾವನವರು ಉತ್ತರೀಯದಿಂದ ಕಣ್ಣೊರೆಸಿಕೊಂಡರು. ಪಂಚಾಂಗ ತರಲು ಹೋದವರು ಆಗಷ್ಟೇ ಬಂದರು.

ಮೂರನೆಯ ದಿನ ನಾವಿಬ್ಬರೂ ರಾಯಚೂರಿನಲ್ಲಿ ಇಳಿದೆವು. ನನ್ನಾಕೆ ಆ ಮಣ್ಣಿನ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಬಂದು ನಮ್ಮ ತುಳಸಿಯ ಬುಡಕ್ಕೆ ಹಾಕಿದಳು. ಮಡಿಯಲ್ಲದ ಮಣ್ಣು ತುಳಸಿಗೆ ಹೇಗೆ ನಡೆಯಿತು ಎಂದು ಲೆಕ್ಕದ ಮಾಸ್ತರನಿಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಉಸ್ತಾದರಿಗೆ ಸುದ್ದಿ ಹೇಳಲು ಹೋದಾಗ ಅವರು ಎತ್ತಿದಿರಾ ಎಂದು ಕೇಳಲಿಲ್ಲ. "ಇಡುವಾಗ ಸಪ್ಪಳಾತೇನು?" ಎಂದರು. ಇಲ್ಲ ಎಂದೆ. "ಹಂಗಾರ ಎತ್ತೀರಿ," ಎಂದರು.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿ, ನಿನ್ನೆ ಸಂಜೆ ಆಕೆಯನ್ನೂ ನನ್ನಾಕೆಯನ್ನೂ ಕರೆದುಕೊಂಡು ಎರಡೂ ಕರಾಟೆ ಶಾಲೆ ನೋಡಲು ಹೋದೆ. ಗುಲಾಬಿ ಚೀಟಿಯ ಶಾಲೆಯಲ್ಲಿ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಗೋಡೆಗೆ ಕನ್ನಡಿಯಿತ್ತು, ಮಕ್ಕಳು ಸಾಲಾಗಿ ನಿಂತು ಗಾಳಿಗೆ ಒದೆಯುತ್ತಿದ್ದರು. ಮಾಸ್ತರರ ಕಿವಿ ಬಹಳ ಸುಂದರವಾಗಿದ್ದವು. ನನಗೆ ಯಾವುದೋ ಊದಿನಕಡ್ಡಿಯ ವಾಸನೆ ಬಂದಂತಾಯಿತು. ಸ್ಟೇಷನ್ ಕಡೆಯದು ಒಂದು ತಗಡಿನ ಶೆಡ್ಡು. ಹರಿದ ಚಾಪೆ, ಕಾಲಿನ ನಾತ. ಮಕ್ಕಳು ಒಬ್ಬರಾದ ಮೇಲೊಬ್ಬರು ಧೊಪ್ಪೆಂದು ಬೀಳುತ್ತಿದ್ದರು, ಎದ್ದು ಮತ್ತೆ ಬೀಳುತ್ತಿದ್ದರು. ಬೆಲ್ಟು ಎಂದು ಸಿಗುತ್ತದೆ ಎಂದು ಮೊಮ್ಮಗಳು ಕೇಳಿದಳು. "ಈಗೇನು ಹೇಳಾಕ ಬರಾಂಗಿಲ್ಲವ್ವಾ. ಮದಲ ಬೀಳೋದು ಕಲಿ," ಎಂದ ಆ ಮನುಷ್ಯ. ಅವನ ಎಡಗಿವಿ ಸ್ವಲ್ಪ ಮುದುಡಿತ್ತು. ಅಲ್ಲಿಯೇ ಹೆಸರು ಬರೆಸಿದೆವು.

ಮನೆಗೆ ಬಂದು ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅಜ್ಜಿ ಮೊಮ್ಮಗಳ ಮಾತು ಅಲ್ಲಿಗೆ ಕೇಳುತ್ತಿತ್ತು.

"ಅಜ್ಜೀ, ಅಜ್ಜ ಅಷ್ಟು ಕಷ್ಟಪಟ್ಟು ಬಂದಾಗ ಆ ಮಣ್ಣಿನ ಮಡಿ ನಿನಗ್ಯಾಕ ಬೇಕಿತ್ತು?"

"ನನಗ್ಯಾತಕ್ಕ ಬೇಕವ್ವಾ ಮಣ್ಣಿನ ಮಡಿ? ಅವರ ಕೈಯಿಂದ ತಟತಟ ನೀರು ಸೋರಲಿಕ್ಕತ್ತಿತ್ತು. ಹೋದ ವರ್ಷನೂ ಹಂಗ ಜಾರಿ ಬಿದ್ದಿದ್ರು. ಒರಸ್ಕೋರಿ ಅಂದ್ರ ಒಣ ಅರಿವಿ ಮುಟ್ಟೋ ಹಂಗಿಲ್ಲ. ನಮ್ಮ ಮನ್ಯಾಗ ಮಡಿ ಅಂತ ಒಂದು ಮಾತು ಕೇಳಿದ್ರ ತಾಸುಗಟ್ಲೆ ವಾದ ಆಗ್ತದ ಅಂತ ಗೊತ್ತಿತ್ತು. ಅಷ್ಟೊತ್ತಿಗೆ ಬಿಸಿಲು ಬರತದ, ಕೈ ಒಣಗತದ ಅಂತ ಕೇಳಿದೆ."

"ಅಜ್ಜಗ ಹೇಳಲೇ ಇಲ್ಲೇನು?"

"ಅವರು ಕೇಳಿದ್ರ ತಾನ ಹೇಳೋದು? ಐವತ್ತು ವರ್ಷ ಬರೇ ಬೈದಾರ."

ನಾನು ಹೊರಗೆ ಬಂದಾಗ ನನ್ನಾಕೆ ಚಹಾದ ಲೋಟ ಹಿಡಿದು ನಿಂತಿದ್ದಳು. ಕೈ ಚಾಚಿದೆ. ಆಕೆ ಲೋಟ ಕೊಡದೆ ನನ್ನ ಬೆರಳುಗಳನ್ನು ನೋಡಿದಳು.

"ಕೈ ಒರಸ್ಕೋರಿ ಮದಲ. ಜಾರತದ."

ಟವೆಲು ಅಲ್ಲೇ ಹಗ್ಗದ ಮೇಲಿತ್ತು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಎರಡೂ ಕೈ ಅಗಲಿಸಿಕೊಂಡು, ನೀರು ಒಣಗುವ ತನಕ ಆಕೆಯ ಎದುರಿಗೆ ಸುಮ್ಮನೆ ನಿಂತೆ. ಚಹಾ ಆರಿತು.